ಎ.ಸಿ. ಆರಿಸಿ ಹಾಡಿದ ಬೇಸಿಗೆ

ಮೊನ್ನೆ ಜುಲೈನಲ್ಲಿ, ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕದ ಗಾಜು ಮಬ್ಬಾಗುವಂಥ ದಿನಗಳಲ್ಲಿ, ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ಫ್ಲ್ಯಾಟಿನ ಮಲಗುವ ಕೋಣೆಯ ಎ.ಸಿ. ಕೈಕೊಟ್ಟಿತು. ಫೋನು ಮಾಡಿದರೆ ಕಟ್ಟಡದ ವಾಚ್‌ಮನ್ 'ಬುಕ್ರಾ, ಇನ್ಶಾ ಅಲ್ಲಾ' ಎಂದ. ಬುಕ್ರಾ ಎಂದರೆ ನಾಳೆ. ಅದು ಯಾವ ವಾರದ ನಾಳೆ ಎಂದು ಕೇಳಬಾರದು ಎನ್ನುವಷ್ಟು ಬುದ್ಧಿ ಇಲ್ಲಿ ಇದ್ದು ಇದ್ದು ನನಗೂ ಬಂದಿದೆ. ಸರಿ, ಹಾಲ್‌ನಲ್ಲಿ ಮಲಗಿದರಾಯಿತು ಎಂದು ಹಾಸಿಗೆ ಎಳೆಯಲು ಹೋದೆ. ಕಾದ ಫೋಮು, ಹಳೆಯ ಬೆವರು, ಪೌಡರು, ಮರಳಿನ ಧೂಳು ಎಲ್ಲ ಬೆರೆತ ವಾಸನೆಯೊಂದು ಮುಖಕ್ಕೆ ಬಡಿಯಿತು. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದವಳು ಅದರ ಬುಡದಲ್ಲೇ ಕೂತುಬಿಟ್ಟೆ. ನಮ್ಮ ಯಜಮಾನರು ಬಂದು, 'ಏನೇ, ತಲೆ ಸುತ್ತುತ್ತಾ?' ಎಂದರು. ತಲೆ ಸುತ್ತಿರಲಿಲ್ಲ. ಐನ್ ಖಾಲಿದ್‌ನ ನಮ್ಮ ಹಳೆಯ ಮನೆ ನೆನಪಾಗಿತ್ತು. ಆ ಮನೆಯ ಮಕ್ಕಳ ಕೋಣೆಯಲ್ಲಿ ಹೀಗೇ ಹಾಸಿಗೆಗಳನ್ನು ಗೋಡೆಗೆ ಒರಗಿಸಿಕೊಂಡು ಜಯಂತಣ್ಣ ತಮ್ಮ ಎರಡನೆಯ ಆಲ್ಬಂ ಹಾಡಿದ ಬೇಸಿಗೆ ನೆನಪಾಗಿತ್ತು.

ಜಯಂತಣ್ಣ ಕಾರ್ಕಳದ ಕಡೆಯವರು. ಮನೆಮಾತು ತುಳು. ದೋಹಾದಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ, ಅಲ್ ವಕ್ರಾದಲ್ಲಿ ಸಂಸಾರ. ಅಂಗಡಿಯಲ್ಲಿ ಜೊತೆಗಿದ್ದ ಫಿಲಿಪ್ಪೀನಿಯೊಬ್ಬ ಗಿಟಾರು ಹಿಡಿದು ಅಮೆರಿಕದ ಹಳ್ಳಿಗಾಡಿನ ಹಾಡುಗಳನ್ನು, ಕಂಟ್ರಿ ಎನ್ನುತ್ತಾರಲ್ಲ ಅವನ್ನು, ಹಾಡುತ್ತಿದ್ದನಂತೆ. ಅವನು ಕೆಲಸ ಖಲಾಸ್ ಮಾಡಿ ಊರಿಗೆ ಹೊರಟಾಗ ಗಿಟಾರನ್ನು ಇವರ ಕೈಗೆ ಕೊಟ್ಟು ಹೋದ. ಜಯಂತಣ್ಣ ಅದರ ತಂತಿಯ ಮೇಲೆ ತಮ್ಮ ಅಜ್ಜಿ ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುತ್ತಿದ್ದ ಧಾಟಿಯನ್ನು ಕೂರಿಸಿದರು. ಮಾತು ಕನ್ನಡದ್ದು, ಸಂಗತಿ ಕತಾರಿನದು. ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾದವನ ಹಾಡು, ಶುಕ್ರವಾರ ಬಂಗುಡೆ ಸಾರು ಉಂಡು ಸತ್ತಂತೆ ಮಲಗಿದವನ ಹಾಡು, ಒಂಟೆಗೆ ಊರಿನ ಕೋಣದ ಪ್ರತಾಪ ಹೇಳುವ ಹಾಡು. ಗಂಡ ಹೀಗೆ ಬುರುಡೆ ಬಿಡುತ್ತಿದ್ದರೆ ನಡುವೆ ಬಾಯಿ ಹಾಕಿ ಕಾಲೆಳೆಯುವ ಇನ್ನೊಂದು ದನಿ ಅವರ ಹೆಂಡತಿ ಶಶಿಯದು. ಶಶಿಗೆ ಸಂಗೀತ ಗೊತ್ತಿರಲಿಲ್ಲ, ಗಂಡ ಗೊತ್ತಿತ್ತು. ಆ ಮೊದಲ ಆಲ್ಬಮ್ಮಿಗೆ 'ಶುಕ್ರವಾರದ ಊಟ' ಎಂದು ಹೆಸರಿಟ್ಟರು. ಯೂಟ್ಯೂಬಿಗೆ ಹಾಕಿದ ಮೇಲೆ ಇಲ್ಲಿಯ ಕನ್ನಡದವರ ಯಾವ ಸಮಾರಂಭವೂ ಅದಿಲ್ಲದೆ ಮುಗಿಯುತ್ತಿರಲಿಲ್ಲ.

ನಾನು ಮೈಸೂರಿನವಳು, ಇಲ್ಲಿಯ ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಚಿಕ್ಕವಳಿದ್ದಾಗ ನಮ್ಮಮ್ಮ ಕಿವಿ ಹಿಂಡಿ ಕಲಿಸಿದ ಸಂಗೀತದಲ್ಲಿ ಉಳಿದದ್ದನ್ನು ಕೀಬೋರ್ಡಿನ ಮೇಲೆ ಉರುಳಿಸುತ್ತಿದ್ದೆ. ಶಶಿ ಮತ್ತು ಜಯಂತಣ್ಣ ವೇದಿಕೆಗೆ ಬಂದಾಗ ಹಿಂದೆ ಕೂತು ನುಡಿಸುವುದು ನನ್ನ ಪಾಲಿನ ಕೆಲಸ. ಹಾಡಿನ ನಡುವೆ ಶಶಿ ನನ್ನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದಳು. ಈಗ ಮುಂದಿನ ಸಾಲಿನಲ್ಲಿ ಇವರು ಎಡವುತ್ತಾರೆ ನೋಡು ಎಂದು ಅದರ ಅರ್ಥ. ಅವರು ಎಡವುತ್ತಿದ್ದರು ಕೂಡ.

'ಎರಡನೇದು ಯಾವಾಗ?' ಎಂದು ಎಲ್ಲರೂ ಕೇಳತೊಡಗಿದ್ದರು. ಹಾಡುಗಳೂ ಹುಟ್ಟತೊಡಗಿದ್ದವು. ಅಷ್ಟರಲ್ಲಿ ಶಶಿಯ ಹೊಟ್ಟೆನೋವು ಹೊಟ್ಟೆನೋವಲ್ಲ ಎಂದು ಗೊತ್ತಾಯಿತು. ಚಿಕಿತ್ಸೆಗೆ ಅವಳು ಮಂಗಳೂರಿಗೆ, ಅಣ್ಣನ ಮನೆಗೆ ಹೋದಳು. ಮಗಳು ಅನ್ವಿತಾ ಹನ್ನೆರಡನೆಯ ತರಗತಿ, ಬೋರ್ಡ್ ಪರೀಕ್ಷೆ ಎದುರಿಗಿತ್ತು. ಪರೀಕ್ಷೆ ಅರ್ಧವಾಗುವ ಹೊತ್ತಿಗೆ ಊರಿನಿಂದ ಫೋನು ಬಂತು. ಜಯಂತಣ್ಣ ಮಗಳನ್ನು ತಮ್ಮದೇ ಕಟ್ಟಡದ ಮಾಲತಿಯಕ್ಕನ ಮನೆಯಲ್ಲಿ ಬಿಟ್ಟು, 'ಅಮ್ಮನಿಗೆ ಸಣ್ಣ ಆಪರೇಷನ್' ಎಂದು ಹೇಳಿ ವಿಮಾನ ಹತ್ತಿದರು. ಮೂರು ದಿನವೂ ಆಗಿರಲಿಲ್ಲ, ನಮ್ಮ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು: ಶಶಿ ಇನ್ನಿಲ್ಲ. ಕೆಳಗೇ ಇನ್ನೊಂದು ಸಾಲು: ಮಗಳಿಗೆ ಪರೀಕ್ಷೆ ನಡೆಯುತ್ತಿದೆ, ದಯವಿಟ್ಟು ಯಾರೂ ತಿಳಿಸಬೇಡಿ.

ಗಲ್ಫಿನಲ್ಲಿ ಇದು ಹೊಸದಲ್ಲ. ಇಲ್ಲಿ ಸಾವಿನ ಸುದ್ದಿಯನ್ನು ನೇರ ಹೇಳುವ ಪದ್ಧತಿಯೇ ಇಲ್ಲ. 'ಸ್ವಲ್ಪ ಸೀರಿಯಸ್ಸಂತೆ, ಒಮ್ಮೆ ಹೋಗಿ ನೋಡ್ಕೊಂಡು ಬಾ' ಎಂದು ಟಿಕೆಟ್ ಮಾಡಿಸಿ ಕಳಿಸುತ್ತೇವೆ, ಊರಿನ ಅಂಗಳದಲ್ಲಿ ನಿಂತ ಜನರನ್ನು ನೋಡಿ ಉಳಿದದ್ದು ಅವರಿಗೇ ತಿಳಿಯಲಿ ಎಂದು. ಮಕ್ಕಳ ಬೋರ್ಡ್ ಪರೀಕ್ಷೆ ಇದ್ದರಂತೂ ಇಡೀ ಕಟ್ಟಡ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಅದನ್ನು ನಾವು ಪ್ರೀತಿ ಎಂದೇ ತಿಳಿದಿರುತ್ತೇವೆ. ಮಾಲತಿಯಕ್ಕ ಟಿ.ವಿ. ಆರಿಸಿದರು, ಅನ್ವಿತಾಳ ಫೋನನ್ನು ಓದು ಕೆಡುತ್ತದೆಂದು ಬೀರುವಿನಲ್ಲಿಟ್ಟರು, ದಿನಾ ಬಾದಾಮಿ ಹಾಲು ಕೊಟ್ಟರು. ಸಹಪಾಠಿಗಳ ತಾಯಂದಿರು ಶಾಲೆಯ ಗೇಟಿನಲ್ಲಿ ಅವಳ ತಲೆ ಸವರಿ ಹೋದರು. ಹುಡುಗಿ ಉಳಿದ ಪರೀಕ್ಷೆಗಳನ್ನೆಲ್ಲ ಬರೆದಳು. ಕೊನೆಯ ಪೇಪರಿನ ದಿನ ಗೇಟಿನಲ್ಲಿ ಅಪ್ಪ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು, ತಲೆ ಬೋಳಿಸಿಕೊಂಡು. ಪೇಪರ್ ಹೇಗಾಯಿತೆಂದು ಹೇಳಲು ಓಡಿ ಬಂದವಳಿಗೆ ಮತ್ತೇನೂ ಹೇಳಬೇಕಾಗಲಿಲ್ಲ. ಊರು ತಲುಪಿದಾಗ ಅವಳಿಗೆ ಸಿಕ್ಕಿದ್ದು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮತ್ತು ಹಾರ ಹಾಕಿದ ಫೋಟೋ.

ಜುಲೈ ಬಂತು. ಶಾಲೆಗಳಿಗೆ ರಜೆ ಬಿಟ್ಟರೆ ಇಲ್ಲಿಯ ಅರ್ಧ ಊರು ಖಾಲಿ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುತ್ತಾರೆ, ಗಂಡಸರು ಉಳಿದು ಉಪ್ಪಿಟ್ಟು ಮಾಡಲು ಕಲಿಯುತ್ತಾರೆ. ನಮ್ಮ ಮನೆಯಲ್ಲಿ ಆ ವರ್ಷ ಉಲ್ಟಾ ಆಯಿತು. ನನಗೆ ರಜೆ ಸಿಗಲಿಲ್ಲ, ಯಜಮಾನರೇ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋದರು. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಬ್ಯಾಚುಲರ್ ಎಂದು ಕರೆದು ನಕ್ಕರು. ಆಗ ಜಯಂತಣ್ಣ ಫೋನು ಮಾಡಿದರು.

'ಅಕ್ಕ, ನಿಮ್ಮ ಮನೆ ಈಗ ಶಾಂತ ಉಂಟಲ್ಲ. ಎರಡನೇ ಆಲ್ಬಮ್ಮಿನ ಹಾಡು ಅಲ್ಲಿ ರೆಕಾರ್ಡ್ ಮಾಡುವನಾ?'

'ಇಷ್ಟು ಬೇಗ ಯಾಕೆ ಜಯಂತಣ್ಣ? ಸ್ವಲ್ಪ ಸುಧಾರಿಸ್ಕೊಳ್ಳಿ' ಎಂದೆ.

'ಸುಧಾರಿಸ್ಲಿಕ್ಕೆ ಸುಮ್ಮನೆ ಕೂತ್ರೆ ತಲೆ ಕೆಡ್ತದೆ. ಆಗಸ್ಟ್ ಕೊನೆಗೆ ಅನ್ವಿ ಮಂಗಳೂರಿಗೆ ಕಾಲೇಜಿಗೆ ಹೋಗ್ತಾಳೆ. ಹೋಗುವ ಮೊದಲು ಅವಳ ಹತ್ರ ಒಂದು ಹಾಡು ಹಾಡಿಸ್ಬೇಕು ಅಕ್ಕ, ಅವಳಮ್ಮನ ಜಾಗದಲ್ಲಿ. ನನ್ನ ಹತ್ರ ಅವಳು ಸರಿ ಮಾತಾಡದೆ ತಿಂಗಳಾಯ್ತು. ಹಾಡಿದ್ರೆ ಎಲ್ಲ ಸರಿಯಾಗ್ತದೆ ಅಂತ ನನಗೆ.'

ನಾನು ಹೂಂ ಎಂದೆ. ಅವರು, 'ಭಾವ ಇಲ್ಲದಾಗ ನಾನೊಬ್ಬನೇ ಬರುವುದು ಸರಿಯಲ್ಲ, ಜನ ಎಂತ ಹೇಳುವುದಿಲ್ಲ? ಅನ್ವಿಯನ್ನು ಕರ್ಕೊಂಡೇ ಬರ್ತೇನೆ' ಎಂದರು. ಆ ಮರ್ಯಾದೆಯ ಲೆಕ್ಕಾಚಾರದಿಂದಲೇ ಆ ಹುಡುಗಿ ನಮ್ಮ ಮನೆಗೆ ಬಂದದ್ದು. ಹಾಡುವುದಕ್ಕೆ ಬಾ ಎಂದಿದ್ದರೆ ಖಂಡಿತ ಬರುತ್ತಿರಲಿಲ್ಲ.

ಐನ್ ಖಾಲಿದ್‌ನಲ್ಲಿ ನಮ್ಮದು ದೊಡ್ಡ ವಿಲ್ಲಾವೊಂದನ್ನು ಗೋಡೆ ಹಾಕಿ ತುಂಡು ಮಾಡಿ ಬಾಡಿಗೆಗೆ ಕೊಟ್ಟ ಮನೆಗಳಲ್ಲಿ ಒಂದು. ಮಕ್ಕಳ ಕೋಣೆಗೆ ರಸ್ತೆಯ ಸದ್ದು ಬರುತ್ತಿರಲಿಲ್ಲ. ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಕಿಟಕಿಗೆ ಚಳಿಗಾಲದ ರಗ್ಗು ಕಟ್ಟಿ, ನನ್ನ ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿದರೆ ಅದೇ ನಮ್ಮ ಸ್ಟುಡಿಯೋ. ಒಂದೇ ತೊಂದರೆ ಎ.ಸಿ. ಅದು ಗುಂಯ್ ಎನ್ನುತ್ತಿದ್ದರೆ ಮೈಕು ಅದನ್ನೇ ಮೊದಲು ಹಿಡಿಯುತ್ತದೆ. ಆರಿಸಿದರೆ ಒಂದು ಪಲ್ಲವಿ ಮುಗಿಯುವಷ್ಟರಲ್ಲಿ ಕೋಣೆ ಇಡ್ಲಿ ಪಾತ್ರೆ. ಹಾಗಾಗಿ ಒಂದು ಹಾಡಿಗೆ ಆರಿಸುವುದು, ಮುಗಿದ ಕೂಡಲೇ ಹಚ್ಚುವುದು, ಎಲ್ಲರೂ ಅದರ ಕೆಳಗೆ ನಿಂತು ಬೆವರು ಆರಿಸಿಕೊಳ್ಳುವುದು, ಮತ್ತೆ ಆರಿಸುವುದು. ಶುಕ್ರವಾರ ಬೆಳಗ್ಗೆ ಶುರು ಮಾಡಿದರೆ ಪಕ್ಕದ ಮಸೀದಿಯಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಕರೆಯುವವರೆಗೆ. ಎ.ಸಿ.ಯ ರಿಮೋಟು ಅನ್ವಿತಾಳ ಕೈಯಲ್ಲಿ. ಅವಳಿಗೆ ಅದೊಂದೇ ಕೆಲಸ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಅಪ್ಪ ಕೈ ಎತ್ತಿದರೆ ಆರಿಸುವಳು, ಕೈ ಇಳಿಸಿದರೆ ಹಚ್ಚುವಳು.

ಅವಳನ್ನು ಮಾತಿಗೆಳೆಯಲು ನಾನು ಬಹಳ ಹೆಣಗಾಡಿದೆ. ಬಿಸಿಬೇಳೆಬಾತ್ ಮಾಡಿದೆ, ಅವಳು ಬೂಂದಿಯನ್ನಷ್ಟೇ ಆರಿಸಿ ತಿಂದಳು. ಇಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿ, ಕನ್ನಡ ಅಷ್ಟಕ್ಕಷ್ಟೇ, ತಾಯಿಯ ಜೊತೆ ಮಾತ್ರ ತುಳುವಿನಲ್ಲಿ ಹರಟುತ್ತಿದ್ದವಳು. ಈಗ ಅಪ್ಪನ ಜೊತೆ ಆಡುವ ಮಾತೆಲ್ಲ 'ಓಕೆ', 'ನೋ', 'ಫೈನ್' ಅಷ್ಟೇ. ಜಯಂತಣ್ಣ ಅವಳ ಮುಖ ನೋಡಿಕೊಂಡೇ ಹಾಡುತ್ತಿದ್ದರು. ಒಂಟೆಯ ಹಾಡಿನ ಮುಂದಿನ ಭಾಗ ಹಾಡುವಾಗ ಮೊದಲಿನ ಹಾಗೇ ಸಾಲಿನ ಕೊನೆಯಲ್ಲಿ ಎಡವಿ, ಅಭ್ಯಾಸದಂತೆ ಎಡಕ್ಕೆ ತಿರುಗಿದರು. ಎಡಕ್ಕೆ ನಮ್ಮ ಹಾಸಿಗೆ ನಿಂತಿತ್ತು. ಅಂದು ಮತ್ತೆ ಹಾಡಲಾಗಲಿಲ್ಲ. ನನಗೂ ಸಂಕಟವಾಗಿ, ಕಾಫಿ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತೆ.

ಆಗಸ್ಟ್ ಮೊದಲ ವಾರ ಅವರು ಹೊಸ ಹಾಡೊಂದನ್ನು ತಂದರು. ಅಪ್ಪ, ಮಗಳು ಇಬ್ಬರೂ ಹಾಡಬೇಕಾದ ಹಾಡು. 'ಮಗಳ ಪಾಲನ್ನು ಈಗ ನಾನೇ ಹಾಡಿ ಇಡ್ತೇನೆ. ಕೇಳಿ ಕೇಳಿ ಅವಳಿಗೆ ಬಾಯಿಗೆ ಬರಲಿ' ಎಂದು ನನ್ನ ಬಳಿ ಪಿಸುಗುಟ್ಟಿದರು. ರಾಗ ಚೆನ್ನಾಗಿತ್ತು. ಪರೀಕ್ಷೆಗೆ ಓದುವ ಮಗುವಿಗೆ ಸಾವನ್ನು ಮುಚ್ಚಿಟ್ಟ ಅಪ್ಪನ ಅಳಲಿತ್ತು. ಕೊನೆಗೆ ಮಗಳು ಹೇಳುತ್ತಾಳೆ:

ತಿಳಿಯಿತಪ್ಪ ಎಲ್ಲ, ನಿನ್ನ ಮೇಲೆ ಮುನಿಸಿಲ್ಲ,
ನನ್ನ ದೀಪ ಕಾಯಲೆಂದು ಕತ್ತಲನ್ನು ನುಂಗಿದೆಯಲ್ಲ.

ಕೇಳಿದವರೆಲ್ಲ ಅಳುವ ಸಾಲು, ಸಂಶಯವೇ ಇಲ್ಲ. ಜಯಂತಣ್ಣ ಕಣ್ಣು ಮುಚ್ಚಿ ಅದನ್ನು ಎರಡನೆಯ ಸಲ ಹಾಡುತ್ತಿದ್ದರು. ಆಗ ಎ.ಸಿ. ಬೀಪ್ ಎಂದಿತು, ರೆಕ್ಕೆ ತೆರೆದು ಗುಂಯ್ಗುಡತೊಡಗಿತು.

'ಎಂತಕ್ಕೆ ಹಾಕಿದ್ದು? ಹಾಡು ಮುಗೀಲಿಲ್ಲಲ್ಲ' ಎಂದರು ಜಯಂತಣ್ಣ.

ಅನ್ವಿತಾ ಇಯರ್‌ಫೋನನ್ನು ಆಗಲೇ ತೆಗೆದಿದ್ದಳು. ನನ್ನ ಕಡೆ ತಿರುಗಿ, 'ಆಂಟಿ, ಮುನಿಸಿಲ್ಲ ಅಂದ್ರೆ ಕೋಪ ಇಲ್ಲ ಅಂತ ಅಲ್ವಾ?' ಎಂದಳು.

'ಹೌದು ಕಣಮ್ಮ.'

'ನನಗೆ ಕೋಪ ಇದೆ' ಎಂದಳು. ದನಿ ಏರಿಸಲೂ ಇಲ್ಲ. 'ಪಪ್ಪ, ನೀವು ನನ್ನತ್ರ ಕೇಳ್ಲೇ ಇಲ್ಲ. ಕ್ವೆಶ್ಚನ್ನೂ ನೀವೇ, ಆನ್ಸರೂ ನೀವೇ.'

'ಅದು ಹಾಡಲ್ವಾ ಮಗಾ. ಹಾಡಿನ ಮಗಳು ಬೇರೆ.'

'ಬೇರೆ ಅಂತ ಯಾರಿಗೆ ಗೊತ್ತಾಗ್ತದೆ? ವಕ್ರಾದ ಆಂಟಿಗಳೆಲ್ಲ ಕೇಳಿ ಅಳ್ತಾರೆ. ಆಮೇಲೆ ನನ್ನ ಕೆನ್ನೆ ಹಿಡಿದು, ಸೋ ಸ್ವೀಟ್, ಪಪ್ಪನ್ನ ಫರ್ಗಿವ್ ಮಾಡಿದ್ಯಲ್ಲ ಅಂತಾರೆ. ಆವತ್ತೂ ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಇಲ್ಲ. ಈಗಲೂ ನಾನು ಫರ್ಗಿವ್ ಮಾಡಿದ್ದು ಎಲ್ಲರಿಗೂ ಮೊದಲು ಗೊತ್ತಾಗ್ಬೇಕಾ, ಲಾಸ್ಟಿಗೆ ನನಗಾ?'

ರಿಮೋಟನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋದಳು. ಜಯಂತಣ್ಣ ಗಿಟಾರು ಹಿಡಿದವರು ಹಿಡಿದ ಹಾಗೇ ಇದ್ದರು. ನಾನು ಅವಳ ಹಿಂದೆ ಓಡಿದೆ. ಅಂಗಳದಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ನಿಂತಿದ್ದಳು. ನೆರಳಿನಲ್ಲೂ ಗಾಳಿ ಬೆಂಕಿ. ಒಳಗೆ ಬಾ ಎಂದರೆ ಬರಲಿಲ್ಲ. ಆಮೇಲೆ ನೆಲ ನೋಡುತ್ತ ಹೇಳಿದಳು: 'ಆಂಟಿ, ಲಾಸ್ಟಿಗೆ ಅಮ್ಮ ನನ್ನನ್ನು ಕೇಳಿದ್ರಾ ಅಂತ ನನಗೆ ಗೊತ್ತಿಲ್ಲ. ಪಪ್ಪನ ಹತ್ರ ಕೇಳ್ಬೇಕು ಅಂತ ದಿನಾ ಅನ್ಕೊಳ್ತೇನೆ. ಆದ್ರೆ ಅವ್ರು ನಿಜ ಹೇಳ್ತಾರೆ ಅಂತ ಹೇಗೆ ಗೊತ್ತಾಗೋದು?'

ಅವಳ ಕೈ ಹಿಡಿದು ನಿಂತೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಮುಂದಿನ ಶುಕ್ರವಾರ ಅವರು ಬರಲಿಲ್ಲ. ನಾನೇ ಫೋನು ಮಾಡಿದೆ. ಜಯಂತಣ್ಣನಿಗೆ ಆ ಸಾಲಿನದೇ ಚಿಂತೆ. 'ಅದನ್ನು ತೆಗೆದ್ರೆ ಹಾಡಲ್ಲಿ ಎಂತ ಉಂಟು ಅಕ್ಕ? ಆಲ್ಬಂ ನಿಂತಿರುವುದೇ ಅದರ ಮೇಲೆ' ಎಂದರು. ನನಗೆ ರೇಗಿತು. ನನ್ನ ಬಾಯಿ ಸುಮಾರು ಜೋರು, ಮೈಸೂರಿನವರು ಮೃದು ಎನ್ನುವವರು ನಮ್ಮ ಮನೆಗೆ ಬಂದಿಲ್ಲ.

'ಜಯಂತಣ್ಣ, ನಿಮಗೆ ಬೇಕಾದ ಮಾತನ್ನ ಆ ಮಗು ಬಾಯಲ್ಲಿ ತುರುಕಿದ್ದೀರಿ. ಹಾಡು ಹಾಳಾಗೋಯ್ತು ಅಂತ ಅಳ್ತೀರಲ್ಲ, ಇರೋಳೊಬ್ಬಳು ಮಗಳು ಕೈ ತಪ್ಪಿ ಹೋಗ್ತಿದ್ದಾಳೆ. ಅವಳಿಗೆ ಒಂದು ವಿಷಯ ಕೇಳೋದಿದೆ. ಕೇಳಿದಾಗ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ.'

'ಹೇಳುವ ಹಾಗೆ ಇಲ್ಲ ಅಕ್ಕ ಅದು' ಎಂದರು.

ಮರುದಿನ ಇಬ್ಬರೂ ಬಂದರು. ಗಿಟಾರು ಚೀಲದಿಂದ ಹೊರಗೆ ಬರಲಿಲ್ಲ. ಜಯಂತಣ್ಣ ಹಾಸಿಗೆಯಿಲ್ಲದ ಮಂಚದ ಅಂಚಿನಲ್ಲಿ ಕೂತರು. ನಾನು ಎದ್ದು ಹೋಗಲು ನೋಡಿದೆ, ಅನ್ವಿತಾ, 'ಆಂಟಿ, ನೀವೂ ಇರಿ' ಎಂದಳು. ಸಾಕ್ಷಿ ಬೇಕಿತ್ತು ಅವಳಿಗೆ, ಪಾಪ.

'ಕೇಳು ಮಗಾ' ಎಂದರು ಜಯಂತಣ್ಣ.

'ಅಮ್ಮ ನನ್ನನ್ನು ಕೇಳಿದ್ರಾ?'

'ಕೇಳಿದ್ಳು. ನಾನು ಆಸ್ಪತ್ರೆಗೆ ಹೋದ ಕೂಡ್ಲೇ ಕೇಳಿದ್ದು ಅದೇ. ಅನ್ವಿ ಎಲ್ಲಿ ಅಂತ. ಡಾಕ್ಟ್ರು ಎರಡು ವಾರ ಅಂದಿದ್ರು. ಅಷ್ಟರಲ್ಲಿ ನಿನ್ನ ಪೇಪರ್ ಮುಗೀತದೆ, ಕರ್ಕೊಂಡು ಬರುವ ಅಂತ ನಾನೂ ಮಾವನೂ ಮಾತಾಡಿಕೊಂಡ್ವಿ. ಮರುದಿನ ಬೆಳಿಗ್ಗೆಯೇ ಅವಳಿಗೆ ಜೋರಾಯ್ತು. ಇವತ್ತೇ ಅಂದ್ರು ಡಾಕ್ಟ್ರು. ಅವಳು ಮತ್ತೆ ಕೇಳಿದ್ಳು. ನಾನು... ಹೊರಟಿದ್ದಾಳೆ, ಬರ್ತಾ ಇದ್ದಾಳೆ ಅಂತ ಹೇಳಿದೆ.'

ಹುಡುಗಿ ತಲೆಯೆತ್ತಿ ಅಪ್ಪನನ್ನೇ ನೋಡಿದಳು.

'ಮಧ್ಯಾಹ್ನ ಮತ್ತೆ ಕೇಳಿದ್ಳು, ಎಲ್ಲಿಗೆ ಬಂದ್ಳು ಅಂತ. ಬಜಪೆಯಲ್ಲಿ ಇಳಿದ್ಳು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮರವೂರು ಸೇತುವೆ ದಾಟಿದ್ಳು ಅಂದೆ. ಬಜಪೆ ಏರ್‌ಪೋರ್ಟಿನಿಂದ ಆಸ್ಪತ್ರೆಗೆ ಎಷ್ಟು ದೂರ ಉಂಟು ಅಕ್ಕ?' ಎಂದು ನನ್ನ ಕಡೆ ನೋಡಿದರು. 'ಆ ರಸ್ತೆಯನ್ನು ನಾನು ಇಡೀ ಮಧ್ಯಾಹ್ನ ಎಳೆದೆ. ಸಂಜೆಗೆ ಕಾವೂರಿಗೆ ಬಂದ್ಳು ಅಂದೆ. ಮತ್ತೆ ಹೇಳ್ಲಿಕ್ಕೆ ಜಾಗ ಇರಲಿಲ್ಲ.'

'ಅಮ್ಮ ನಂಬಿದ್ರಾ?'

'ನಂಬಿದ್ಳು ಮಗಾ. ಕಾವೂರು ಅಂದಾಗ, ತಲೆ ಬಾಚಿ ಅಂದ್ಳು. ಮಗು ಬರುವಾಗ ಹೀಗೆ ಇದ್ರೆ ಹೆದರ್ತದೆ ಅಂದ್ಳು. ಕೂದಲು ಎಂತ ಇರಲಿಲ್ಲ. ಇದ್ದದ್ದನ್ನು ಬಾಚಿದೆ. ಬಾಚುವಾಗಲೇ ಹೋದ್ಳು.'

ನನ್ನ ಜೀವಮಾನದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಕಷ್ಟದ್ದು ಇನ್ನೊಂದಿಲ್ಲ. ಮಗಳಿಗೆ ಹೇಳಿದ ಸುಳ್ಳು ನಮಗೆಲ್ಲ ಗೊತ್ತಿತ್ತು, ನಾವೆಲ್ಲ ಅದರಲ್ಲಿ ಪಾಲುದಾರರೇ. ಸಾಯುವ ಗಳಿಗೆಯಲ್ಲಿ ಹೆಂಡತಿಗೆ ಹೇಳಿದ ಈ ಸುಳ್ಳನ್ನು ಮಾತ್ರ ಅವರು ಯಾರಿಗೂ ಹೇಳದೆ ಒಬ್ಬರೇ ಹೊತ್ತಿದ್ದರು. ದೀಪ, ಕತ್ತಲು ಎಂದು ಅಷ್ಟು ಚಂದದ ಮಾತು ಕಟ್ಟಿದ್ದು ಇದನ್ನು ಮುಚ್ಚಲಿಕ್ಕೆ ಎಂದು ನನಗೆ ಆಗ ತಿಳಿಯಿತು.

ಅನ್ವಿತಾ ಅತ್ತಳು. ಬೊಜ್ಜದ ದಿನವೂ ಅವಳು ಅತ್ತಿರಲಿಲ್ಲವಂತೆ. ಚಿಕ್ಕ ಮಕ್ಕಳ ಹಾಗೆ ಬಾಯಿ ತೆರೆದು, ಮೂಗು ಸೋರಿಸಿಕೊಂಡು ಅತ್ತಳು. ಜಯಂತಣ್ಣ ಹತ್ತಿರ ಹೋಗಲು ಎದ್ದರು, ಅವಳು ಕೈ ಅಡ್ಡ ಹಿಡಿದಳು. ಅವರು ಮತ್ತೆ ಕೂತರು. ನಾನು ಇಬ್ಬರ ನಡುವೆ ಟಿಶ್ಯೂ ಡಬ್ಬಿ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ.

ಕೊನೆಗೆ ಅವಳು ಮುಖ ಒರೆಸಿಕೊಂಡು ಹೇಳಿದಳು: 'ಇದನ್ನ ಬರೀರಿ ಪಪ್ಪ. ಇದನ್ನ ಬರೆದ್ರೆ ಹಾಡ್ತೇನೆ.'

'ಇದನ್ನಾ? ಇದನ್ನು ಜನರ ಎದುರು ಹೇಗೆ ಮಗಾ...'

'ನನ್ನ ಲೈನ್ ಬೇಡ. ನಾನು ಏನ್ ಹೇಳ್ತೇನೆ ಅಂತ ನನಗೇ ಇನ್ನೂ ಗೊತ್ತಿಲ್ಲ. ಅಮ್ಮನ ಲೈನ್ ನಾನು ಹಾಡ್ತೇನೆ. ನೀವು ಹೇಳಿದ್ದನ್ನ ನೀವು ಹಾಡಿ.'

ಜಯಂತಣ್ಣ ಎರಡು ವಾರ ಒದ್ದಾಡಿದರು. ಕೌಂಟರಿನಲ್ಲಿ ನಿಂತು ಬ್ರೇಕ್ ಪ್ಯಾಡು ಕೇಳಿದವರಿಗೆ ಬೆಲ್ಟು ಕೊಟ್ಟರಂತೆ. ನನಗೆ ಫೋನು ಮಾಡಿ, 'ಆಗುವುದಿಲ್ಲ ಅಕ್ಕ, ಉಪಮೆ ಹಾಕಿದ್ರೆ ಸುಳ್ಳಾಗ್ತದೆ' ಎನ್ನುತ್ತಿದ್ದರು. ಹಾಕಬೇಡಿ ಎಂದೆ. ಹಾಡು ತಯಾರಾದಾಗ ಅದರಲ್ಲಿ ಊರುಗಳ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಆಲ್ಬಂ ಓಡಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಜನರಿಗೆ ಬೇಕಿದ್ದದ್ದು ಇನ್ನೊಂದು ಶುಕ್ರವಾರದ ಊಟ. ಒಂಟೆಯ ಹಾಡನ್ನು ಕೇಳಿ ನಕ್ಕವರು ಕೊನೆಯ ಹಾಡಿಗೆ ಬಂದಾಗ ಸುಮ್ಮನಾದರು. 'ಇಂಥದ್ದನ್ನೆಲ್ಲ ಊರಿಗೆ ಹೇಳುವುದುಂಟಾ?' ಎಂದರಂತೆ ಮಾಲತಿಯಕ್ಕ. ಸಮಾರಂಭಗಳಲ್ಲಿ ಅದನ್ನು ಯಾರೂ ಹಾಡಿಸಲಿಲ್ಲ, ಜಯಂತಣ್ಣ ಮತ್ತೆ ಹಾಡು ಕಟ್ಟಲೂ ಇಲ್ಲ. ಮಗಳು ಅವರನ್ನು ಕ್ಷಮಿಸಿದಳೇ ಎಂದು ನನ್ನನ್ನು ಕೇಳಿದವರಿದ್ದಾರೆ. ನನಗೆ ಗೊತ್ತಿಲ್ಲ. ಅಪ್ಪನಿಗೆ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ರಜೆಯಲ್ಲಿ ವಕ್ರಾಕ್ಕೆ ಬರುತ್ತಾಳೆ. ಅದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ನಮಗ್ಯಾರಿಗೂ ಇಲ್ಲ. ನಾನು ಹೇಳಬಲ್ಲದ್ದು ಆ ಹಾಡನ್ನು ಹಾಡಿದ ಬೆಳಗ್ಗಿನ ಸಂಗತಿ ಮಾತ್ರ.

ಅವಳು ಕಾಲೇಜಿಗೆ ಹೊರಡುವ ಮುಂಚಿನ ಶುಕ್ರವಾರ ಅದು. ಇಬ್ಬರೂ ಒಂದೇ ಮೈಕಿನ ಆಚೆ ಈಚೆ ನಿಂತರು. ಅಭ್ಯಾಸ ಮಾಡೋಣವೇ ಎಂದೆ, ಅನ್ವಿತಾ ಬೇಡವೆಂದಳು. ಕೀಬೋರ್ಡು ಬೇಡವೆಂದು ನಾನೇ ಅಂದುಕೊಂಡೆ. ಗಿಟಾರಿನ ಒಂದೇ ತಂತಿ ಮೀಟುತ್ತ ಜಯಂತಣ್ಣ ತಲೆ ಆಡಿಸಿದರು. ಅವಳು ಹಾಡಿದಳು. ಸ್ವರ ಅಷ್ಟೇನೂ ನಿಲ್ಲುತ್ತಿರಲಿಲ್ಲ, ತಾಯಿಯದೂ ಹಾಗೇ ಇತ್ತು.

ಎಲ್ಲಿಗೆ ಬಂದಳು, ಕೇಳಿ ನೋಡಿ, ಎಲ್ಲಿಗೆ ಬಂದಳು ಮಗಳು?

ಅಪ್ಪ ಹಾಡಿದರು:

ಬಜಪೆಯಲ್ಲಿ ಇಳಿದಳಂತೆ, ಬರುತಾಳೆ ಈಗ, ತಾಳು.

ಅವಳು ಮತ್ತೆ ಅದೇ ಸಾಲನ್ನು ಕೇಳಿದಳು, ಇನ್ನಷ್ಟು ಮೆಲ್ಲಗೆ.

ಮರವೂರು ಸೇತುವೆ ದಾಟಿದಳಂತೆ, ನಿದ್ದೆಯ ಮಾಡದೆ ತಾಳು.

ಮೂರನೆಯ ಸಲ ಅವಳ ಬಾಯಿಂದ ಗಾಳಿ ಮಾತ್ರ ಬಂತು. ಮಾತು ತುಟಿಯಲ್ಲಿ ಕಾಣುತ್ತಿತ್ತು. ಜಯಂತಣ್ಣನ ಮುಖದ ಮೇಲೆ ಹರಿಯುತ್ತಿದ್ದದ್ದು ಬೆವರೋ ಕಣ್ಣೀರೋ ಗೊತ್ತಾಗುತ್ತಿರಲಿಲ್ಲ. ಆದರೂ ಹಾಡಿದರು.

ಕಾವೂರಿಗೆ ಬಂದು ಮುಟ್ಟಿದಳಂತೆ, ತಲೆ ಬಾಚುವೆ, ತಾಳು.

ನಾಲ್ಕನೆಯ ಸಲ ಅವಳು ಕೇಳಬೇಕು, ಉತ್ತರವಿಲ್ಲದೆ ಹಾಡು ನಿಲ್ಲಬೇಕು. ಅವರು ಬರೆದದ್ದು ಅಷ್ಟೇ. ಅನ್ವಿತಾ ಕೇಳಿದಳು, ಎಲ್ಲಿಗೆ ಬಂದಳು ಮಗಳು ಎಂದು. ಜಯಂತಣ್ಣ ತಂತಿಯ ಮೇಲೆ ಅಂಗೈ ಇಟ್ಟು ಸದ್ದನ್ನು ನಿಲ್ಲಿಸಿದರು. ನಾನು ರೆಕಾರ್ಡಿಂಗ್ ನಿಲ್ಲಿಸಲು ಬೆರಳು ಚಾಚಿದ್ದೆ. ಆಗ ಅವಳು ಹಾಸಿಗೆ ಒರಗಿಸಿದ ಗೋಡೆಯ ಕಡೆ ತಿರುಗಿ, ಹಾಡದೆ, ಬರೀ ಮಾತಿನಲ್ಲಿ, ಅವರ ಮನೆಯ ತುಳುವಿನಲ್ಲಿ 'ಬತ್ತೆ ಅಮ್ಮ' ಎಂದಳು. ಬಂದೆ ಅಮ್ಮ.